ತಲೆಯ ಮೇಲಿನ ಅಟ್ಟ

ಅಟ್ಟವನ್ನು ಕೋಣೆ ಮಾಡುವ ಮಾತು ಮೊದಲು ಎದ್ದದ್ದು ಒಂದು ಭಾನುವಾರದ ಊಟದ ಹೊತ್ತಿನಲ್ಲಿ, ಮೂರನೆಯ ರೊಟ್ಟಿ ಹಂಚಿನ ಮೇಲಿದ್ದಾಗ. ರೊಟ್ಟಿ ಬಡಿಯುತ್ತಿದ್ದವಳು ದೊಡ್ಡ ಸೊಸೆ ದುರ್ಗಾ. ಮಾತು ತೆಗೆದವನು ಅವಳ ಮೈದುನ ಹುಲಿಗೇಶ. ಅವನು ಮಾನ್ವಿ ಡಿಪೋದಲ್ಲಿ ಕಂಡಕ್ಟರ್. ಬಸ್ಸಿನಲ್ಲಿ ಕೂಗಿ ಕೂಗಿ ಅವನಿಗೆ ಮನೆಯಲ್ಲೂ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ.

"ಯವ್ವಾ, ಒಳಗಿನ ಖೋಲಿ ಮ್ಯಾಲಿನ ಅಟ್ಟ ಸುಮ್ನ ಬಿದ್ದದ. ಒಂದು ಕಿಟಕಿ, ಒಂದು ಫ್ಯಾನ್, ಹತ್ತಾಕ ಮೆಟ್ಲ ಮಾಡಿಸಿದ್ರ ಚಲೋ ಖೋಲಿ ಆಗ್ತದ. ಕಲ್ಯಾಣಿ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗಾಕ ಒಂದು ಜಾಗ ಆಗ್ತದ."

"ಖರ್ಚು ಯಾರದಪಾ?" ಎಂದಳು ತಾಯಿ ಮಾನಮ್ಮ.

"ಅಕೀ ಪಗಾರದಾಗ ಅಕೀನ ಮಾಡಸ್ತಾಳ."

ಹುಲಿಗೇಶನ ಹೆಂಡತಿ ಕಲ್ಯಾಣಿ ತಲೆ ತಗ್ಗಿಸಿ ಪುಂಡಿಪಲ್ಯ ಕಲಸುತ್ತಿದ್ದಳು. ಅವಳು ಪೋತ್ನಾಳದ ಆಸ್ಪತ್ರೆಯಲ್ಲಿ ನರ್ಸ್. ದುರ್ಗಾಳ ಗಂಡ ಅಮರೇಶ ದೇವದುರ್ಗದ ಕಡೆ ಶಾಲೆ ಮೇಷ್ಟ್ರು. ಅವನು ತಟ್ಟೆಯಿಂದ ಮುಖ ಎತ್ತದೆಯೇ, "ಚಲೋ ವಿಚಾರ. ಮಾಡಸ್ರಿ," ಅಂದುಬಿಟ್ಟ. ಹೆಂಡತಿಯನ್ನು ಒಂದು ಮಾತು ಕೇಳಲಿಲ್ಲ.

"ಯಕ್ಕಾ, ರೊಟ್ಟಿ ಸೀಯಾಕತ್ತದ ನೋಡು," ಎಂದು ಹುಲಿಗೇಶ ಕೂಗಿದ.

ಸೀಯುತ್ತಿದ್ದದ್ದು ರೊಟ್ಟಿಯೊಂದೇ ಅಲ್ಲ. ದುರ್ಗಾ ಅದನ್ನು ತಿರುವಿ ಹಾಕಿ, ಕಪ್ಪಾದ ಮಗ್ಗುಲನ್ನು ಮೇಲೆ ಮಾಡಿ ಕಲ್ಯಾಣಿಯ ತಟ್ಟೆಗೆ ಬಡಿಸಿದಳು.

ರಾಯಚೂರಿನ ಸಿಯಾತಲಾಬದ ಓಣಿಯ ಆ ಮನೆ ಒಂದು ಕಾಲಕ್ಕೆ ಹತ್ತಿ ದಲಾಲಿಯೊಬ್ಬನದಾಗಿತ್ತು. ಒಳಕೋಣೆಯನ್ನು ಅವನು ಎರಡಾಳೆತ್ತರ ಕಟ್ಟಿಸಿ, ನಡುವೆ ಸಾಗವಾನಿ ತೊಲೆ ಹಾಯಿಸಿ, ಹಲಗೆ ಬಡಿಸಿ ಅಟ್ಟ ಮಾಡಿಸಿದ್ದ. ಹತ್ತಿಯ ಅಂಡಿಗೆಗಳನ್ನು ಬೆನ್ನ ಮೇಲೆ ಹೊತ್ತು ಆ ಅಟ್ಟಕ್ಕೆ ಏರಿಸುತ್ತಿದ್ದ ಹಮಾಲರಲ್ಲಿ ಮಾನಮ್ಮನ ಗಂಡ ಸುಂಕಪ್ಪನೂ ಒಬ್ಬ. ದಲಾಲಿ ಮನೆ ಮಾರಿ ಹೈದರಾಬಾದಿಗೆ ಹೋಗುವಾಗ ಅದನ್ನು ಕೊಂಡವನೂ ಸುಂಕಪ್ಪನೇ. ಅವನು ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಅಟ್ಟದ ಮೇಲಿದ್ದದ್ದು ಒಡೆದ ತೊಟ್ಟಿಲು, ಜೋಳದ ಖಾಲಿ ಡಬ್ಬಗಳು ಮತ್ತು ಇಲಿಗಳು.

ಮನೆಯಲ್ಲಿ ಬಾಗಿಲು ಇರುವ ಕೋಣೆ ಎಂದರೆ ಅಟ್ಟದ ಕೆಳಗಿನ ಆ ಒಳಕೋಣೆಯೊಂದೇ. ಹನ್ನೊಂದು ವರ್ಷದಿಂದ ಅದು ದುರ್ಗಾ ಮತ್ತು ಅಮರೇಶರದು. ಕಲ್ಯಾಣಿ, ಹುಲಿಗೇಶ ತಮ್ಮ ಪುಟ್ಟ ಮಗಳೊಂದಿಗೆ ಪಡಸಾಲೆಯ ಒಂದು ಮಗ್ಗುಲಲ್ಲಿ ಸೀರೆಯ ಪರದೆ ಕಟ್ಟಿಕೊಂಡಿದ್ದರು; ಇನ್ನೊಂದು ಮಗ್ಗುಲಲ್ಲಿ ಮಾನಮ್ಮನ ಮಂಚ, ಟಿ.ವಿ., ಬಂದುಹೋಗುವವರು. ರಾತ್ರಿಯೆಲ್ಲ ಎದ್ದಿದ್ದ ಕಲ್ಯಾಣಿ ಹಗಲು ಆ ಪರದೆಯ ಹಿಂದೆ ತಲೆ ಮೇಲೆ ದಿಂಬು ಹೊದ್ದು ಮಲಗುತ್ತಿದ್ದಳು. ಅವಳಿಗೆ ಕೋಣೆ ಬೇಕಿತ್ತು ಎನ್ನುವುದರಲ್ಲಿ ಸುಳ್ಳೇನೂ ಇಲ್ಲ. ದುರ್ಗಾಳಿಗೂ ಅದು ಗೊತ್ತಿತ್ತು. ಗೊತ್ತಿದ್ದರೆ ಹೊಟ್ಟೆಯುರಿ ಕಡಿಮೆ ಆಗುತ್ತದೆಂದು ಯಾರು ಹೇಳಿದರು?

ಆ ವಾರವೇ ಗೌಂಡಿ ಮೌಲಾಹುಸೇನ ಟೇಪು ಹಿಡಿದುಕೊಂಡು ಬಂದ. ನಿಚ್ಚಣಿಕೆ ಹತ್ತಿ ತೊಲೆಗಳನ್ನು ಗುದ್ದಿ ನೋಡಿದ.

"ಸಾಗವಾನಿ ಅದ ಯವ್ವಾ, ಇಂಥಾ ಕಟ್ಟಿಗಿ ಈಗ ಎಲ್ಲಿ ಸಿಗ್ತದ. ಅಷ್ಟು ಅಂಡಗಿ ಹತ್ತಿ ತಡದದ, ಎರಡು ಮಂದಿ ತಡಿಯಂಗಿಲ್ಲೇನು?"

"ಕೆಳಗ ಟೈಲ್ಸ್ ಹಾಕಸೋಣೇನ್ರಿ?" ಎಂದು ಕಲ್ಯಾಣಿ ಕೇಳಿದಳು.

"ಬ್ಯಾಡ್ರಿ ಸಿಸ್ಟರ್, ವಜ್ಜಿ ಆಗ್ತದ. ಹಲಗೀನೇ ಇರ್ಲಿ."

ದುರ್ಗಾ ಬಾಗಿಲಲ್ಲಿ ನಿಂತಿದ್ದಳು. "ಹಲಗಿ ಮ್ಯಾಲ ನಡದ್ರ ಕೆಳಗ ಸಪ್ಪಳ ಆಗ್ತದೇನು?"

"ಆಗ್ದ ಇರ್ತದೇನ್ರಿ ಅಕ್ಕಾ? ಮ್ಯಾಲಿನವ್ರು ಎಡಗಾಲು ಇಟ್ರೋ ಬಲಗಾಲು ಇಟ್ರೋ ಕೆಳಗಿನವ್ರಿಗಿ ಗೊತ್ತಾಗ್ತದ," ಎಂದು ಮೌಲಾಹುಸೇನ ನಕ್ಕು, ಬಳಪದಿಂದ ದುರ್ಗಾಳ ಕೋಣೆಯ ಬಂಡೆ ನೆಲದ ಮೇಲೆ ಒಂದು ಗೆರೆ ಎಳೆದ. "ಮೆಟ್ಲ ಇಲ್ಲಿಂದ ಬರ್ತಾವ. ಈ ಅಲಮಾರಿ ಒಂದೀಟು ಆ ಕಡಿ ಸರಸ್ರಿ."

ಅಲಮಾರಿ ದುರ್ಗಾಳ ತವರಿನದು, ಗೂಗಲ್‌ನಿಂದ ಟ್ರ್ಯಾಕ್ಟರಿನಲ್ಲಿ ಬಂದದ್ದು. ಅದನ್ನು ಸರಿಸಿದರೆ ಅವಳ ಹಾಸಿಗೆಗೆ ಜಾಗ ಅರ್ಧವಾಗುತ್ತಿತ್ತು.

ಕಲ್ಯಾಣಿ ಮಂಚದ ಅಳತೆ ನೋಡಲೆಂದು ಟ್ರಂಕಿನಿಂದ ತನ್ನ ಕೌದಿ ತೆಗೆದು ಹಾಸಿದಳು. ಮದುವೆಯಲ್ಲಿ ಮಾನ್ವಿಯ ಅವರವ್ವ ಹೊಲಿದುಕೊಟ್ಟದ್ದು: ಹಳೆ ಸೀರೆಗಳ ಚೌಕಳಿ ತುಂಡು, ಸುತ್ತ ಕೆಂಪು ತ್ರಿಕೋನಗಳ ಅಂಚು, ಅಕ್ಕಿ ಕಾಳಿನಷ್ಟು ಸಣ್ಣ ಹೊಲಿಗೆ. ದುರ್ಗಾ ಮದುವೆಯಾಗಿ ಬರುವಾಗ ಅವಳವ್ವನ ಕಣ್ಣು ಹೋಗಿದ್ದವು. ಅವಳಿಗೆ ಸಿಕ್ಕದ್ದು ಅಂಗಡಿಯ ಚಾದರ. ಆ ಕೌದಿ ಹೊರಗೆ ಬಂದಾಗೆಲ್ಲ ದುರ್ಗಾಳ ಕಣ್ಣು ಅದರ ಹೊಲಿಗೆಯ ಹಿಂದೆಯೇ ಹೋಗುತ್ತಿತ್ತು.

"ಯಕ್ಕಾ, ಗ್ವಾಡಿಗಿ ತಿಳಿ ನೀಲಿ ಹಚ್ಚಸಲೇನು? ನೀವು ನೋಡಿ ಹೇಳ್ರಿ," ಎಂದಳು ಕಲ್ಯಾಣಿ.

"ನಾ ಯಾಕ ನೋಡ್ಲಿ? ನಾ ಕೆಳಗ ಬಿದ್ದಿರಾಕಿ. ನನಗ ಕಾಣೋದು ಹಲಗಿ ತಳ. ಅದಕ್ಕೂ ಬಣ್ಣ ಹಚ್ತಿಯೇನು?"

ಮರುದಿನ ಬೆಳಿಗ್ಗೆ ಡಬ್ಬಿ ಕಟ್ಟುವಾಗ ದುರ್ಗಾ ಗಂಡನ ಮೇಲೆ ಬಿದ್ದಳು. ದೇವದುರ್ಗದ ಬಸ್ಸಿಗೆ ಇನ್ನೂ ಹೊತ್ತಿತ್ತು.

"ನಾವು ಯಾಕ ಮ್ಯಾಲ ಹೋಗಬಾರ್ದು? ದೊಡ್ಡ ಸೊಸಿ ನಾನೋ ಅಕಿಯೋ?"

"ನಿನಗ ಖೋಲಿ ಅದ. ಅಕಿಗಿಲ್ಲ. ಇದರಾಗ ದೊಡ್ಡಾಕಿ ಸಣ್ಣಾಕಿ ಏನು ಬಂತು?"

"ನನ್ನ ಖೋಲ್ಯಾಗ ಹಗಲೊತ್ತು ಲೈಟ್ ಹಾಕಬೇಕು. ಅಕಿಗಿ ಕಿಟಕಿ, ಫ್ಯಾನು, ನೀಲಿ ಬಣ್ಣ. ಅಕಿ ನನ್ನ ತಲಿ ಮ್ಯಾಲ ಕಾಲಿಟ್ಟು ಅಡ್ಡಾಡಬೇಕು, ನಾ ಕೆಳಗ ಕುಂತು ಕೇಳಬೇಕು!"

"ತಲಿ ಮ್ಯಾಲ ಅಲ್ಲ, ಹಲಗಿ ಮ್ಯಾಲ."

"ನಾನೂ ಪಿಯುಸಿ ಪಾಸಾದಾಕಿ. ಮದಿವಿ ಮಾಡ್ಕೊಂಡು ಬಂದು ರೊಟ್ಟಿ ಬಡದೆ. ಬಡೀದಿದ್ರ ನನಗೂ ಪಗಾರ ಬರ್ತಿತ್ತು."

ಅಮರೇಶ ಪಡಸಾಲೆಯ ಗೋಡೆಯಲ್ಲಿದ್ದ ಬುದ್ಧನ ಚಿತ್ರಕ್ಕೆ ಕೈ ಮುಗಿದ. "ಆಸೆ ಬಿಡು ದುರ್ಗಿ, ಶಾಂತಿ ಸಿಗ್ತದ," ಎಂದು ಡಬ್ಬಿ ಎತ್ತಿಕೊಂಡು ಹೊರಟ. ಹೆಂಡತಿ ರೇಗಿದಾಗ ಮಾತ್ರ ಅವನಿಗೆ ಬುದ್ಧ ನೆನಪಾಗುತ್ತಿದ್ದದ್ದು ದುರ್ಗಾಳಿಗೆ ಎಂದೂ ಸೇರಿರಲಿಲ್ಲ.

ಮಹಾನವಮಿ ಹತ್ತಿರ ಬಂತು. ಮನೆಗೆಲ್ಲ ಸುಣ್ಣ ಹಚ್ಚುವ ಕೆಲಸ. ಪಾತ್ರೆ, ಡಬ್ಬ, ಹಾಸಿಗೆಗಳೆಲ್ಲ ಅಂಗಳಕ್ಕೆ ಬಂದವು. ಅಡುಗೆಮನೆಯ ಮೂಲೆಯ ದೇವರ ಜಗಲಿಯೂ ಹೊರಗೆ ಬಂತು. ಜಗಲಿ ಎಂದರೆ ದೊಡ್ಡದೇನಲ್ಲ; ಒಂದು ಹಲಗೆ, ಅದರ ಮೇಲೆ ಹುಲಿಗೆಮ್ಮನ ಬೆಳ್ಳಿ ಮುಖ, ಮನೆಯ ಹಿರಿಯರ ಎರಡು ತಾಮ್ರದ ತಗಡು, ಒಂದು ಗಂಟೆ. ಆದರೆ ಮಾನಮ್ಮನ ಜೀವ ಅದರಲ್ಲಿತ್ತು. ಅಡುಗೆಮನೆಗೆ ತಗಡಿನ ಮಾಡು. ಅಲ್ಲಿ ದೇವರ ಮೇಲೆ ಬೆಕ್ಕು ಬಿಟ್ಟರೆ ಬೇರೆ ಯಾರೂ ನಡೆಯುತ್ತಿರಲಿಲ್ಲ.

ದುರ್ಗಾ ಬೆಳ್ಳಿ ಮುಖಕ್ಕೆ ಹುಣಸೆಹಣ್ಣು ತಿಕ್ಕುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿದಳು. ಆಮೇಲೆ ಇನ್ನೂ ಜೋರಾಗಿ ತಿಕ್ಕಿದಳು.

"ಅತ್ತಿ, ಒಂದು ಮಾತು. ಅಡಗಿಮನ್ಯಾಗ ಕೋಳಿ ಕುದೀತದ, ಒಣಮೀನ ಕುದೀತದ. ದೇವ್ರು ಆ ವಾಸನಿಯಾಗ ಕುಂತಿರಬೇಕೇನು? ನನ್ನ ಖೋಲ್ಯಾಗ ಮೂಡಗಡಿ ಗ್ವಾಡ್ಯಾಗ ದೊಡ್ಡ ಮಾಡ ಅದಲ್ಲ. ಅಲ್ಲಿ ಕೂಡಸೋಣ."

ಮಾನಮ್ಮ ಸೊಸೆಯ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. "ಅದು ನಿನ್ನ ಮಾಡಲ್ಲೇನು? ನಿನ್ನ ಸಾಮಾನಾ?"

"ತಗದು, ತೊಳದು, ಸಾರ್ಸೀನಿ. ನೋಡ ಬರ್ರಿ."

ನಿಜವಾಗಿಯೂ ಅವಳು ಗೋಡೆಯ ಆ ಗೂಡನ್ನು ತೊಳೆದು, ಸುಣ್ಣ ಬಳಿದು, ಕೆಮ್ಮಣ್ಣಿನ ಪಟ್ಟೆ ಎಳೆದಿದ್ದಳು. ಮಾನಮ್ಮ "ಹೂಂ" ಎಂದಳು. ಅಮಾವಾಸ್ಯೆಯ ಮರುದಿನ ದೇವರನ್ನು ಅಲ್ಲಿಯೇ ಘಟಕ್ಕೆ ಕೂಡಿಸಿದರು. ಮಣ್ಣಿನಲ್ಲಿ ಐದು ಥರದ ಕಾಳು ಬಿತ್ತಿ, ಒಂಬತ್ತು ದಿನ ಆರದ ಹಾಗೆ ದೀಪ ಹಚ್ಚಿದರು.

ಎರಡನೆಯ ದಿನ ಮೌಲಾಹುಸೇನ ಕಬ್ಬಿಣದ ಮೆಟ್ಟಿಲು ಹೊತ್ತ ತಳ್ಳುಗಾಡಿಯ ಜೊತೆ ಬಂದ. ಮಾನಮ್ಮ ಒಳಕೋಣೆಯ ಬಾಗಿಲಿಗೆ ಕೈ ಅಡ್ಡ ಹಿಡಿದಳು.

"ಮೌಲಾ, ಕೆಲಸ ಆಗಂಗಿಲ್ಲಪಾ. ತಾಯಿ ಇಲ್ಲಿ ಕುಂತಾಳ. ಅಕಿ ನೆತ್ತಿ ಮ್ಯಾಲ ಗಂಡ ಹೆಂಡ್ತಿ ಮಲಗದು, ಕಾಲಿಟ್ಟು ಅಡ್ಡಾಡದು ನಡಿಯಂಗಿಲ್ಲ."

"ಹೌದ್ರಿ ಯವ್ವಾ, ದೇವ್ರ ಮ್ಯಾಲ ಹ್ಯಾಂಗ ಕಟ್ಟೋದು," ಎಂದ ಮೌಲಾಹುಸೇನ. ಗಾಡಿಯನ್ನು ಬಂದ ದಾರಿಗೇ ತಿರುಗಿಸಿದ.

ಹುಲಿಗೇಶ ಓಣಿಗೆಲ್ಲ ಕೇಳುವಂತೆ ಕೂಗಾಡಿದ. "ಯವ್ವಾ, ಇಷ್ಟು ದಿನ ಅಡಗಿಮನ್ಯಾಗ ಕುಂತ ದೇವ್ರಿಗಿ ಈಗ ಏನಾತು? ಯಾರು ಹೇಳ್ಯಾರ ಒಳಗ ತರಾಕ?"

"ನಾನೇ ತಂದೀನಿ," ಎಂದಳು ಮಾನಮ್ಮ.

"ಹಂಗಾದ್ರ ತಿರಗಿ ಒಯ್ಯಿ!"

"ಕುಂತ ದೇವ್ರನ್ನ ಎಬ್ಬಸಬಾರ್ದು. ಮುಂದಿನ ಮಹಾನವಮಿಗಿ ನೋಡೋಣ."

ಆ ಹೊತ್ತಿಗೇ ಕಲ್ಯಾಣಿ ಡ್ಯೂಟಿ ಮುಗಿಸಿ ಬಂದು, ಹೆಗಲಲ್ಲಿ ಚೀಲ ಹಾಕಿಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಮಾಡದಲ್ಲಿ ಉರಿಯುವ ದೀಪ ನೋಡಿದಳು, ದುರ್ಗಾಳನ್ನು ನೋಡಿದಳು. ಪರದೆಯ ಹಿಂದೆ ಹೋಗಿ ಮಲಗಿದಳು. ದುರ್ಗಾ ಆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚು ತಿಂದಳು. ಅಷ್ಟು ಖುಷಿಯಾಗಿತ್ತು ಅವಳಿಗೆ.

ಖುಷಿ ಸಂಜೆಯವರೆಗೆ ಇತ್ತು. ದೀಪಕ್ಕೆ ಎಣ್ಣೆ ಹಾಕಲು ಬಂದ ಮಾನಮ್ಮ ಮಂಚದ ಮೇಲಿನ ಹಾಸಿಗೆ ಸುತ್ತಿ, ಎರಡು ದಿಂಬುಗಳ ಸಮೇತ ಎತ್ತಿ ಪಡಸಾಲೆಗೆ ತಂದು ಒಗೆದಳು.

"ಇದೇನು ಅತ್ತಿ?"

"ಏನು ಅಂದ್ರ? ನಿನ್ನಿ ಒಂದಿನ ಅಮರೇಶ ಊರಾಗಿದ್ದಿಲ್ಲ, ಅದಕ್ಕ ಸುಮ್ನಿದ್ದೆ. ಜಗಲಿ ಮುಂದ ಗಂಡ ಹೆಂಡ್ತಿ ಮಲಗ್ತಾರೇನು? ನೆತ್ತಿ ಮ್ಯಾಲ ಬ್ಯಾಡಾದದ್ದು ಕಣ್ಣು ಮುಂದ ನಡೀತದೇನು?"

ದುರ್ಗಾ ಒಗೆದ ದಿಂಬುಗಳನ್ನು ಎತ್ತಿಕೊಂಡಳು. ತಲೆಯ ಮೇಲಿನದನ್ನು ಅಳೆದು ತೂಗಿದವಳು ತನ್ನ ಕಾಲ ಬುಡವನ್ನು ನೋಡಿಕೊಂಡಿರಲಿಲ್ಲ.

"ಒಂದು ಪರದೆ ಕಟ್ಟತೀನಿ..."

"ದೇವ್ರಿಗಿ ಪರದೆ ಕಟ್ತಿ? ಹುಚ್ಚಿ!"

ಹೀಗೆ ಆ ಮನೆಯಲ್ಲಿ ಬಾಗಿಲಿರುವ ಒಂದೇ ಕೋಣೆ ಹುಲಿಗೆಮ್ಮನ ಪಾಲಾಯಿತು. ಮನುಷ್ಯರೆಲ್ಲ ಪಡಸಾಲೆಯಲ್ಲಿ. ಒಂದು ಕಡೆ ಕಲ್ಯಾಣಿಯ ಪರದೆ, ನಡುವೆ ಮಾನಮ್ಮ, ಬಾಗಿಲ ಕಡೆ ದುರ್ಗಾ. ಅಮರೇಶ ಮೂರು ದಿನ ತಡೆದ. ನಾಲ್ಕನೆಯ ದಿನ ಎರಡು ಅಂಗಿ ಚೀಲಕ್ಕೆ ತುಂಬಿದ.

"ನೀ ದೇವ್ರನ್ನ ಒಳಗ ತಂದಿ, ನಾ ದೇವದುರ್ಗಕ್ಕ ಹೋಗ್ತೀನಿ. ಅಲ್ಲಿ ನಮ್ಮ ಹೆಡ್‌ಮಾಸ್ಟರ್ ಖೋಲ್ಯಾಗ ಒಂದು ಮಂಚ ಖಾಲಿ ಅದ. ಶನಿವಾರ ಬರ್ತೀನಿ."

"ಆಸೆ ಬಿಡ್ರಿ, ಶಾಂತಿ ಸಿಗ್ತದ," ಎಂದಳು ದುರ್ಗಾ. ಅಂದಮೇಲೆ ಅಡುಗೆಮನೆಗೆ ಹೋಗಿ ಅತ್ತಳು.

ದಸರಾ ಮುಗಿಯಿತು, ದೀಪಾವಳಿಯೂ ಮುಗಿಯಿತು. ಪಡಸಾಲೆಯ ಬಾಳು ಎಂಥದ್ದೆಂದು ದುರ್ಗಾಳಿಗೆ ಒಂದೊಂದೇ ತಿಳಿಯಿತು. ಬೆಳಿಗ್ಗೆ ಐದಕ್ಕೆ ನೀರಿನ ಗಲಾಟೆ, ಹಾಲಿನವನ ಗಂಟೆ. ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗೋಣವೆಂದರೆ ಪಕ್ಕದ ಮನೆಯ ನೂರ್ ಬೀ ಬಂದು ಮಾನಮ್ಮನ ಮಂಚದ ಮೇಲೆ ಕೂತು ಇಡೀ ಓಣಿಯ ಸುದ್ದಿ ಬಿಚ್ಚುತ್ತಿದ್ದಳು. ಸೀರೆ ಬದಲಿಸಲು ದೇವರ ಮುಂದೆ ಹೋಗುವಂತಿಲ್ಲ, ಬಚ್ಚಲಿಗೇ ಹೋಗಬೇಕು.

ಅವಳ ಪಾಲಿಗೆ ಒಂದೇ ಒಂದು ಸುಖ ಉಳಿದಿತ್ತು. ದುರ್ಗಾಳ ಸ್ವಂತ ಮಗಳು ದೇವದುರ್ಗದ ವಸತಿ ಶಾಲೆಯಲ್ಲಿ ಓದುತ್ತಿದ್ದಳು. ಕಲ್ಯಾಣಿಯ ಐದು ವರ್ಷದ ಸುಜಾತಾ ಅವ್ವ ಡ್ಯೂಟಿಗೆ ಹೋದಾಗೆಲ್ಲ ದೊಡ್ಡಮ್ಮನ ಬಗಲಲ್ಲೇ ಮಲಗುತ್ತಿದ್ದಳು. ಅವ್ವ ಮನೆಯಲ್ಲಿದ್ದ ದಿನವೂ ಅಭ್ಯಾಸಬಲದಿಂದ ಪರದೆ ದಾಟಿ ಬಂದುಬಿಡುತ್ತಿದ್ದಳು, ಆ ಕೆಂಪಂಚಿನ ಕೌದಿಯನ್ನು ನೆಲದ ಮೇಲೆ ಎಳೆದುಕೊಂಡು. ಬೆಳಿಗ್ಗೆ ಕಲ್ಯಾಣಿ ಕೌದಿಯನ್ನು ಮಡಚಿ ಒಯ್ಯುತ್ತಿದ್ದಳು, ಮಗಳನ್ನು ಎಬ್ಬಿಸಿ ಒಯ್ಯುತ್ತಿದ್ದಳು. ಎರಡನ್ನೂ ಕೊಡುವಾಗ ದುರ್ಗಾಳಿಗೆ ಹೊಟ್ಟೆಯುರಿ.

ಕಲ್ಯಾಣಿಗೆ ನಿದ್ದೆಯೇ ಇರಲಿಲ್ಲ. ಈಗ ಪಡಸಾಲೆಯಲ್ಲಿ ಜನ ಇನ್ನೂ ಹೆಚ್ಚು. ಒಂದು ಸಂಜೆ ಡ್ಯೂಟಿಗೆ ಹೋಗುವಾಗ ಬಸ್ಸಿನಲ್ಲಿ ಕಣ್ಣು ಮುಚ್ಚಿದವಳಿಗೆ ಮಾನ್ವಿಯೂ ಗೊತ್ತಾಗಲಿಲ್ಲ, ಪೋತ್ನಾಳವೂ ಗೊತ್ತಾಗಲಿಲ್ಲ. ಎಚ್ಚರಾದದ್ದು ಸಿಂಧನೂರಿನಲ್ಲಿ. ತಿರುಗಿ ಬಸ್ಸು ಹಿಡಿದು ಬರುವಷ್ಟರಲ್ಲಿ ಆಸ್ಪತ್ರೆಯಲ್ಲಿ ಹಗಲಿನ ನರ್ಸ್ ಇವಳ ಹಾದಿ ಕಾದು ಕಾದು ರೇಗಿ ಹೋಗಿದ್ದಳು. ಮೇಲಿನವರು ನೋಟಿಸ್ ಕೊಟ್ಟರು.

ಭಾನುವಾರ ಮತ್ತೆ ಊಟದ ಹೊತ್ತಿಗೇ ಹುಲಿಗೇಶ ಮಾತು ತೆಗೆದ. ಈ ಸಲ ಅವನು ಕೂಗಲಿಲ್ಲ. ಅದನ್ನು ಕೇಳಿಯೇ ಎಲ್ಲರಿಗೂ ಭಯವಾಯಿತು.

"ಯವ್ವಾ, ಮಾನ್ವ್ಯಾಗ ಮನಿ ನೋಡೀನಿ. ನನ್ನ ಡಿಪೋನೂ ಹಂತೇಲಿ, ಅಕಿಗಿ ಪೋತ್ನಾಳನೂ ಹಂತೇಲಿ. ಎರಡು ಖೋಲಿ, ಅಡಗಿಮನಿ, ನಳ ಒಳಗ ಅದ. ಮುಂದಿನ ತಿಂಗಳು ಹೋಗ್ತೀವಿ."

ಮಾನಮ್ಮ ಕೈಯ ತುತ್ತನ್ನು ತಿರುಗಿ ತಟ್ಟೆಗಿಟ್ಟಳು.

"ಸುಜಿನೂ?" ಎಂದಳು ದುರ್ಗಾ.

"ಅಕಿನ್ನ ಬಿಟ್ಟು ಹೋಗ್ತೀವೇನಕ್ಕ?" ಎಂದಳು ಕಲ್ಯಾಣಿ.

ಎರಡು ಕೋಣೆ. ಸ್ವಂತ ಅಡುಗೆಮನೆ. ಒಳಗೆ ನಳ. ಅತ್ತೆಯಿಲ್ಲ, ನೂರ್ ಬೀ ಇಲ್ಲ. ತಾನು ಒಂದು ಅಟ್ಟ ತಪ್ಪಿಸಲು ಹೋಗಿ ಅವಳಿಗೆ ಇಡೀ ಮನೆ ಮಾಡಿಕೊಟ್ಟೆನಲ್ಲ! ಮೇಲಾಗಿ ಮಗುವನ್ನೂ ಕಟ್ಟಿ ಕಳಿಸುತ್ತಿದ್ದೇನೆ. ಅಟ್ಟದ ಮೇಲಿನ ಹೊಟ್ಟೆಕಿಚ್ಚು ಈ ಹೊಟ್ಟೆಕಿಚ್ಚಿನ ಮುಂದೆ ಏನೂ ಅಲ್ಲವೆನಿಸಿತು ದುರ್ಗಾಳಿಗೆ. ಅವತ್ತು ಅವಳು ಊಟ ಮಾಡಲಿಲ್ಲ.

ಮರುದಿನ ಅತ್ತೆ ಸೊಸೆ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದರು.

"ಅತ್ತಿ, ಜಗಲಿ ತಿರಗಿ ಅಡಗಿಮನಿಗೆ ಒಯ್ಯೋಣ."

"ಕುಂತ ದೇವ್ರನ್ನ ಎಬ್ಬಸಬಾರ್ದು ಅಂದೆನಲ್ಲ."

"ಎಬ್ಬಸದಿದ್ರ ನಿಮ್ಮ ಮಗ ಎದ್ದು ಹೋಗ್ತಾನ."

ಮಾನಮ್ಮ ಒಂದು ಕಾಯಿ ಒಡೆದಳು. ಒಳಗೆ ಜೊಳ್ಳಿತ್ತು, ಒಗೆದಳು. "ನೀನೇ ತಂದಾಕಿ, ನೀನೇ ಒಯ್ಯಂತಿ."

"ನಾನೇ ತಂದೆ. ಯಾಕ ತಂದೆ ಅಂತ ನಿಮಗ ಹೇಳಿಲ್ಲ. ಅಕಿ ಮ್ಯಾಲ ಖೋಲಿ ಮಾಡ್ಕೊಳ್ಳೋದು ನನಗ ಸೇರಲಿಲ್ಲ. ಅದಕ್ಕ..."

"ಗೊತ್ತದ."

"ಏನು ಗೊತ್ತದ?"

"ಹನ್ನೊಂದು ವರ್ಷ ಆ ಮಾಡದಾಗ ನಿನ್ನ ಎಣ್ಣಿ ಬಾಟ್ಲಿ, ಕನ್ನಡಿ, ಹಣಗಿ ಇಟ್ಕೊಂಡಾಕಿ. ಹಬ್ಬಕ್ಕ ಒಂದು ದೀಪ ಇಡ್ತೀನಿ ಅಂದ್ರ ಮಾರಿ ತಿರವ್ತಿದ್ದಿ. ಅವತ್ತು ತಾನಾಗಿ ತೊಳದು ಸಾರ್ಸಿ ನಿಂತಾಗ ನನಗ ತಿಳಿಲಿಲ್ಲೇನು?"

"ತಿಳಿದೂ ಹೂಂ ಅಂದ್ರಿ?" ಎಂದಳು ದುರ್ಗಾ.

ಮಾನ‌ಮ್ಮ ಬೀದಿಯ ಕಡೆ ನೋಡಿದಳು. "ಹುಲಿಗ್ಯಾ ಡ್ಯೂಟಿಯಿಂದ ಬಂದು ನನ್ನ ಕಾಲ ಹಂತೇಲಿ ಕುಂತು ಚಾ ಕುಡೀತಾನ. ಇಡೀ ದಿನದಾಗ ನನಗ ಅದೊಂದ ಹೊತ್ತು. ಮ್ಯಾಲ ಖೋಲಿ ಆದ್ರ ಸೀದಾ ಮೆಟ್ಲ ಹತ್ತಿ ಬಾಗ್ಲ ಹಾಕ್ಕೋತಾನ. ಅಕಿಗಿ ಗಂಡ ಬೇಕು, ನನಗ ಮಗ ಬ್ಯಾಡೇನು?"

ದುರ್ಗಾಳಿಗೆ ಸಿಟ್ಟು ಬರಬೇಕಿತ್ತು, ನಗು ಬಂತು. ಅತ್ತೆ ತನ್ನನ್ನು ಕೋಣೆಯಿಂದ ಹೊರಗೆ ಹಾಕಿ, ತನ್ನ ಕೈಯಿಂದಲೇ ತನ್ನ ಕೆಲಸ ಸಾಧಿಸಿಕೊಂಡಿದ್ದಳು. ಹನ್ನೊಂದು ವರ್ಷದಲ್ಲಿ ಮೊದಲ ಬಾರಿಗೆ ಇಬ್ಬರೂ ಒಂದೇ ಹೊಟ್ಟೆಯುರಿಯ ಮೇಲೆ ಕೂತಿದ್ದರು.

"ಮಾನ್ವಿಗಿ ಹೋದ್ರ ಚಾನೂ ಇಲ್ಲ, ಮಗನೂ ಇಲ್ಲ," ಎಂದಳು ದುರ್ಗಾ. "ಮ್ಯಾಲ ಇದ್ರ ಕೆಳಗರ ಇಳೀತಾನ. ನಾ ಚಾನ ಮ್ಯಾಲ ಕಳಸಂಗಿಲ್ಲ. ಬೇಕಾದ್ರ ಇಳದು ಬಂದು ನಿಮ್ಮ ಹಂತೇಲಿ ಕುಂತು ಕುಡೀಲಿ."

ಮಾನಮ್ಮ ಮಡಿಲಿನ ಸಿಪ್ಪೆ ಕೊಡವಿದಳು. "ಗೌರಿ ಹುಣ್ಣಿವಿ ಬಂತಲ್ಲ. ಕಾಯಿ ಒಡದು, ಉಡಿ ತುಂಬಿ ಕೇಳ್ಕೊಂಡ್ರ ತಾಯಿ ಏಳ್ತಾಳ. ಅಕೀನೂ ಹೆಣ್ಣಲ್ಲೇನು, ತಿಳೀತದ."

ಹುಣ್ಣಿಮೆಯ ದಿನ ಹುಲಿಗೆಮ್ಮ ಎದ್ದಳು. ಒಣಮೀನಿನ ವಾಸನೆಯ ಹಳೆಯ ಮೂಲೆಗೇ ಹೋಗಿ ಕೂತಳು. ಹುಲಿಗೇಶ ಮಾನ್ವಿಯ ಮನೆ ಬೇಡವೆಂದ. ಮೌಲಾಹುಸೇನ ಮೆಟ್ಟಿಲಿನ ಗಾಡಿಯನ್ನು ಮತ್ತೆ ತಂದ. ಅಮರೇಶ ಅಂಗಿಗಳನ್ನು ಮತ್ತೆ ತಂದ. ದುರ್ಗಾಳ ಅಲಮಾರಿ ಬಳಪದ ಗೆರೆಯಿಂದ ಆಚೆ ಸರಿಯಿತು. ಎಳ್ಳಮಾವಾಸ್ಯೆಯ ಹೊತ್ತಿಗೆ ಮೇಲಿನ ಕೋಣೆ ತಿಳಿ ನೀಲಿಯಾಗಿ, ಕಿಟಕಿಯಾಗಿ, ಫ್ಯಾನಾಗಿ ಸಿದ್ಧವಾಯಿತು. ಕಲ್ಯಾಣಿ ಟ್ರಂಕು ಹೊತ್ತು ಮೇಲೆ ಹೋದಳು.

ದುರ್ಗಾ ತನ್ನ ಕತ್ತಲೆಯ ಕೋಣೆಗೆ ವಾಪಸಾಗಿ, ಮಧ್ಯಾಹ್ನದ ಊಟವಾದ ಮೇಲೆ ಮಂಚದ ಮೇಲೆ ಅಂಗಾತ ಮಲಗಿ, ಹಲಗೆಗಳನ್ನು ನೋಡುತ್ತ ಕಾದಳು. ಈಗ ನಡೆಯುತ್ತಾಳೆ, ಈಗ ಸಪ್ಪಳವಾಗುತ್ತದೆ, ಆಗ ಎದ್ದು ಒಂದು ಮಾತು ಅನ್ನುತ್ತೇನೆ. ಏನನ್ನಬೇಕೆಂಬುದೂ ಬಾಯಲ್ಲಿ ಸಿದ್ಧವಾಗಿತ್ತು. ಸಪ್ಪಳ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಮೂರು ದಿನ ಆಗಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು ಮಲಗಿದವಳು ಮೂರಕ್ಕೆ ಏಳುತ್ತಾಳೆ, ಕೂದಲು ಬಾಚುತ್ತಾಳೆ, ಬಟ್ಟೆ ಮಡಚುತ್ತಾಳೆ, ಗಾಳಿಯಲ್ಲಿ ನಡೆಯುತ್ತಾಳೆಯೇ? ಜಗಳಕ್ಕೆ ಒಂದು ಹಿಡಿಕೆಯೂ ಸಿಗದೆ ದುರ್ಗಾಳಿಗೆ ಜೀವ ಹೋದಂತಾಯಿತು.

ನಾಲ್ಕನೆಯ ದಿನ ಒಣಗಿದ ಬಟ್ಟೆಯ ನೆಪ ಮಾಡಿಕೊಂಡು ಮೆಟ್ಟಿಲು ಹತ್ತಿದಳು. ಬಾಗಿಲು ತೆರೆದಿತ್ತು. ಕಿಟಕಿಯ ಬಿಸಿಲು ನೆಲಕ್ಕೆ ಬಿದ್ದಿತ್ತು. ಮಂಚದಿಂದ ಬಾಗಿಲವರೆಗೆ ಹಲಗೆಗಳ ಮೇಲೆ, ನಾಲ್ಕು ಮಡಿಕೆಯಾಗಿ, ಕೆಂಪಂಚಿನ ಕೌದಿ ಹಾಸಿತ್ತು. ಕಲ್ಯಾಣಿ ಬರಿಗಾಲಲ್ಲಿ ಅದರ ಮೇಲೆ ನಿಂತು ತಲೆ ಬಾಚುತ್ತಿದ್ದಳು.

"ಇದೇನು ಮಾಡೀದಿ? ನಿಮ್ಮವ್ವ ಹೊಲದ ಕೌದಿ ತುಳಕೊಂಡು ಅಡ್ಡಾಡ್ತಿ?"

"ಹಲಗಿ ಸಪ್ಪಳ ಆಗ್ತದಕ್ಕ. ಕೆಳಗ ನೀವು ಮಲಗೀರ್ತೀರಿ. ನಿಮ್ಮ ತಲಿ ಮ್ಯಾಲ ನಡದ್ರ ನಿಮಗ ಸೇರಂಗಿಲ್ಲ ಅಂತ ನನಗ ಗೊತ್ತಿಲ್ಲೇನು? ಜಗಲಿ ಯಾಕ ಒಳಗ ಬಂದಿತ್ತು ಅನ್ನೋದೂ ಗೊತ್ತದ."

ದುರ್ಗಾ ಬಟ್ಟೆಗಳನ್ನು ಎದೆಗೆ ಒತ್ತಿ ಹಿಡಿದಳು. "ಗೊತ್ತಿದ್ದೂ ಯಾಕ ಬಾಯಿ ಮಾಡಲಿಲ್ಲ?"

"ಯಾವ ಮಾರಿ ಇಟ್ಕೊಂಡು ಮಾಡ್ಲಿ? ನನಗೂ ನಿಮ್ಮ ಮ್ಯಾಲ ಹೊಟ್ಟಿಕಿಚ್ಚು ಅದ." ಕಲ್ಯಾಣಿಯ ಬಾಚಣಿಗೆ ಕೂದಲಲ್ಲೇ ನಿಂತಿತು. "ಸುಜಿ ನಿದ್ದಿಗಣ್ಣಾಗ ನಿಮ್ಮನ್ನ ಯವ್ವಾ ಅಂತಾಳ. ನನಗ ಸಿಸ್ಟರ್ ಅನ್ನೋದೊಂದು ಬಾಕಿ. ನಿದ್ದಿ ಒಂದಕ್ಕ ಈ ಖೋಲಿ ಮಾಡಿಸಿಲ್ಲಕ್ಕ. ಬಾಗ್ಲ ಇರೋ ಖೋಲಿ ಆದ್ರ ಅಕಿ ನನ್ನ ಬಗಲಾಗ ಮಲಗ್ತಾಳ ಅಂತ ಮಾಡಿಸ್ದೆ. ಈಗ ಎಲ್ಲದಾಳ ಅಕಿ, ಹೇಳ್ರಿ?"

ಸುಜಾತಾ ಕೆಳಗೆ ದುರ್ಗಾಳ ಮಂಚದ ಮೇಲೆ ಬಾಯಿ ತೆರೆದುಕೊಂಡು ಮಲಗಿದ್ದಳು. ಶಾಲೆಯಿಂದ ಬಂದವಳು ಮೆಟ್ಟಿಲು ಹತ್ತಿರಲೇ ಇಲ್ಲ.

ದುರ್ಗಾಳಿಗೆ ಗೆದ್ದಂತಾಯಿತು. ಗೆದ್ದವರಿಗೆ ಆಗುವ ಸಂತೋಷ ಮಾತ್ರ ಆಗಲಿಲ್ಲ. ಅವಳು ಕಿಟಕಿಯ ಕಡೆ ನೋಡಿದಳು, ನೀಲಿ ಗೋಡೆ ನೋಡಿದಳು. ತಂದ ಬಟ್ಟೆಗಳನ್ನು ಮಂಚದ ಮೇಲಿಟ್ಟಳು. ಬಗ್ಗಿ ಕೌದಿಯನ್ನು ಎಳೆದಳು.

"ಕಾಲು ತಗಿ."

ಕಲ್ಯಾಣಿ ಸರಿದಳು. ದುರ್ಗಾ ಕೌದಿಯನ್ನು ಕಿಟಕಿಯಿಂದ ಹೊರಗೆ ಹಿಡಿದು ಕೊಡವಿದಳು. ಹೊಲಿಗೆಯ ಮೇಲೆ ಕೂತ ಧೂಳನ್ನು ಸೆರಗಿನಿಂದ ಒರೆಸಿ, ಮಡಚಿ ಬಗಲಿಗೆ ಇಟ್ಟುಕೊಂಡಳು.

"ಇದು ತುಳ್ಯಾಕ ಅಲ್ಲ. ಸಪ್ಪಳಾದ್ರ ಆಗ್ಲಿ, ನಡೀ ನೀನು."

"ಅದನ್ನ ಎಲ್ಲಿಗಿ ಒಯ್ಯಾಕತ್ತೀರಿ?"

"ಕೆಳಗ ಬಂಡಿ ನೆಲ, ಥಂಡಿ ಅದ. ಸುಜಿಗಿ ಹೊಚ್ತೀನಿ."

"ತಿರಗಿ ಕೊಡ್ತೀರಿಲ್ಲ?"

"ಎದ್ದ ಮ್ಯಾಲ ಅಕೀನ ಮ್ಯಾಲ ಕಳಸ್ತೀನಿ. ಕೌದಿದು ಆಮ್ಯಾಲ ನೋಡೋಣ."

ದುರ್ಗಾ ಕೆಳಗಿಳಿದು ಮಗುವಿನ ಮಗ್ಗುಲಲ್ಲಿ ಮಲಗಿ ಇಬ್ಬರ ಮೇಲೂ ಕೌದಿ ಎಳೆದುಕೊಂಡಳು. ಒಂದು ಗಳಿಗೆಗೆ ಮೇಲೆ ಹಲಗೆ ಮಾತಾಡಿತು. ಧಡ್, ಧಡ್. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಕಲ್ಯಾಣಿ ಬೇಕೆಂತಲೇ ಕಾಲು ಒತ್ತಿ ನಡೆಯುತ್ತಿದ್ದಂತಿತ್ತು. ಒಂದೊಂದು ಹೆಜ್ಜೆಯೂ ದುರ್ಗಾಳ ನೆತ್ತಿಯ ಮೇಲೇ ಬೀಳುತ್ತಿತ್ತು. ಅವಳ ಹೊಟ್ಟೆ ಉರಿಯಿತು. ಕೌದಿ ಬೆಚ್ಚಗಿತ್ತು. ಅದನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಮಗುವನ್ನು ಇನ್ನಷ್ಟು ಹತ್ತಿರ ಸರಿಸಿಕೊಂಡು, ಅವಳು ಎಡಗಾಲು ಯಾವುದು ಬಲಗಾಲು ಯಾವುದು ಎಂದು ಕೇಳುತ್ತ ಮಲಗಿದಳು.